ನಾನು ಒರೆಸಿದ ಬಿಳಿ ಲೇಪ

ಮುಮ್ತಾಜ, ಆ ಕಂಪ್ಯೂಟರ್ ಕೆಡಿಸಿದವಳು ನಾನು. ನೀನಲ್ಲ, ನೀನು ಹೊಲಿದು ತಂದ ಹೊದಿಕೆಯೂ ಅಲ್ಲ — ನಾನು. ಇದು ನನಗೆ ಆ ವಾರವೇ ಗೊತ್ತಾಗಿತ್ತು.

ರೋಣದ ಸಂಗಪ್ಪ ಕಾಕಾನ ಅಂಗಡಿಯನ್ನು ನೀನು ಮರೆತಿರಲಾರೆ. ಫ್ಲಾಪಿ ಹೋಗಿ ಸಿಡಿ ಬರುತ್ತಿದ್ದ ಕಾಲ. ಲಗ್ನಪತ್ರಿಕೆ, ಅರ್ಜಿ, ಜಾಹೀರಾತು — ಎಲ್ಲಕ್ಕೂ ಅದೊಂದೇ ಕಂಪ್ಯೂಟರ್, ಅದೂ ಯಾರದೋ ಆಫೀಸಿನಲ್ಲಿ ದುಡಿದು ಹಳತಾಗಿ ಬಂದದ್ದು. ನಾನು ಜಕ್ಕಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಜೀವ. ಹೆಬ್ಬೆಟ್ಟು ಒತ್ತುವ ಅಪ್ಪ ನನ್ನ ಪದವಿ ಪತ್ರಕ್ಕೆ ಗಾಜು ಹಾಕಿಸಿ ದೇವರ ಜಗಲಿಯ ಮೇಲಿಟ್ಟಿದ್ದ. "ಗೊತ್ತಿಲ್ಲ" ಎನ್ನುವ ಮಾತು ಆಗ ನನ್ನ ಬಾಯಿಗೆ ಬರುತ್ತಲೇ ಇರಲಿಲ್ಲ. ನೀನು ಮುಶಿಗೇರಿಯ ದರ್ಜಿಯ ಮಗಳು, ಹತ್ತನೆಯ ತರಗತಿ ಮುಗಿಸಿ ನನ್ನ ಹತ್ತಿರ ಟೈಪಿಂಗ್ ಕಲಿಯಲು ಬಂದವಳು. ಆರು ತಿಂಗಳಲ್ಲಿ ನಿನ್ನ ಬೆರಳು ನನ್ನವಕ್ಕಿಂತ ಚುರುಕಾದವು — ಅದೂ ನನಗೆ ಗೊತ್ತಿತ್ತು.

ಮಹಾನವಮಿಯ ಖಂಡೆಪೂಜೆಯ, ಅದೇ ಆಯುಧಪೂಜೆಯ, ಹಿಂದಿನ ದಿನ. ಬಜಾರಿನಲ್ಲಿ ಎಲ್ಲರೂ ತಮ್ಮ ತಮ್ಮ ದುಡಿಮೆಯ ಹತಾರ ತೊಳೆದು ಒರೆಸುತ್ತಿದ್ದರು. ನಮ್ಮ ಹತಾರವೆಂದರೆ ಕಂಪ್ಯೂಟರ್. ನೀನು ಊಟಕ್ಕೆ ಹೋದಾಗ ನಾನು ಪೆಟ್ಟಿಗೆ ಬಿಚ್ಚಿದೆ. ಧೂಳು ಝಾಡಿಸಿದೆ. ಒಳಗಿನ ಸಣ್ಣ ಫ್ಯಾನನ್ನು ಎತ್ತಿದರೆ, ಕೆಳಗೆ ಚಿಪ್‌ನ ಮೇಲೆ ಒಣಗಿದ ಸುಣ್ಣದಂಥ ಬಿಳಿ ಲೇಪ. ಹೊಲಸು ಅಂದುಕೊಂಡೆ. ಓಢಣಿಯ ಅಂಚಿನಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿ, ಮತ್ತೆ ಜೋಡಿಸಿ, ಪೂಜೆಗೆ ಇಟ್ಟೆ.

ಹಬ್ಬ ಮುಗಿದ ಮೇಲೆ ಅದು ಹತ್ತು ನಿಮಿಷಕ್ಕೆ ಕಾದು ತಾನೇ ಬಂದ್ ಆಗತೊಡಗಿತು. ವೈರ್ ಬದಲಿಸಿದೆವು, ಪಕ್ಕದ ಮುಚ್ಚಳ ತೆಗೆದಿಟ್ಟೆವು, ಟೇಬಲ್ ಫ್ಯಾನ್ ಹಚ್ಚಿದೆವು. ನೀನು ರಟ್ಟಿನಿಂದ ಗಾಳಿ ಬೀಸುತ್ತ, "ತಡಿಯೋ ಮುದಕಪ್ಪಾ, ಇನ್ನ ಒಂದ ಸಾಲ ಐತಿ" ಎಂದು ಅದಕ್ಕೇ ಹೇಳುತ್ತಿದ್ದೆ. ಕಾಕಾ ಮಾತ್ರ ನನ್ನನ್ನು ಬಿಡಲಿಲ್ಲ. "ಏನವಾ ಬಿ.ಎ., ನಿನ್ನ ಡಿಗ್ರಿ ಈ ಪೆಟಗಿ ಮುಂದ ನಡೀವಲ್ದೇನ?"

ಕೊನೆಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ನರಗುಂದಕ್ಕೆ ಒಯ್ದೆ. ರಿಪೇರಿಯವನು ಬಿಚ್ಚಿ ನೋಡಿ ನಕ್ಕ. "ಯಾರ್ರಿ ಅಕ್ಕಾರ, ಇದನ್ನ ಒರಸಿದವ್ರು? ಆ ಬಿಳೀ ಪೇಸ್ಟ್ ಇದ್ರನ ಒಳಗಿನ ಕಾವು ಹೊರಗ ಹೋಗತೈತ್ರಿ."

"ಗೊತ್ತಿಲ್ರಿ" ಎಂದೆ. ಆ ಮಾತು ನನ್ನ ಬಾಯಿಂದ ಮೊದಲ ಸಲ ಬಂದದ್ದು ಅಂದೇ — ಸುಳ್ಳಾಗಿ.

ಅವನು ಹೊಸ ಪೇಸ್ಟ್ ಹಚ್ಚಿಕೊಟ್ಟ. ನಾನು ಮರಳಿದಾಗ ಅಂಗಡಿಯಲ್ಲಿ ಗಿರಾಕಿಗಳಿದ್ದರು. ಪೇಟೆಗೆ ದಾರ ಕೊಳ್ಳಲು ಬಂದ ನಿನ್ನ ಅಪ್ಪನೂ ಕೂತಿದ್ದರು. "ಏನಾಗಿತ್ತವಾ?" ಎಂದು ಕಾಕಾ ಕೇಳಿದ. ನೀನು ಕಂಪ್ಯೂಟರಿಗೆಂದು ರವಿಕೆಯ ತುಂಡುಗಳಿಂದ ಹೊಲಿದ ಹೊದಿಕೆ ಮೇಜಿನ ಮೇಲಿತ್ತು. ಕಣ್ಣು ಅದರ ಮೇಲೆ ಬಿತ್ತು — ಬಿದ್ದಿತೋ, ನಾನೇ ಹಾಕಿದೆನೋ —

"ಮುಮ್ತಾಜ ಚಾಲೂ ಇದ್ದಾಗನ ಇದನ್ನ ಹೊಚ್ಚತಾಳ್ರಿ. ಕಾವು ಒಳಗ ಉಳದೈತಿ."

ನೀನು ಎಂದೂ ಹಾಗೆ ಮಾಡಿದವಳಲ್ಲ. ಬಂದ್ ಮಾಡಿ, ಕೈಯಿಟ್ಟು ನೋಡಿ, ಆರಿದ ಮೇಲೆಯೇ ಹೊದಿಸುತ್ತಿದ್ದೆ. ಆದರೂ ನೀನು ಅಂದದ್ದು — "ಹಂಗಿದ್ರ ತಪ್ಪ ನಂದ ಇರಬೇಕ್ರಿ. ಅಕ್ಕಾರು ಕಲ್ತವ್ರು, ಅವರಿಗೆ ಗೊತ್ತಿರತೈತಿ."

ನಿನ್ನ ಅಪ್ಪ ಎದ್ದು ನಿಂತರು. "ಮಾಫ್ ಮಾಡ್ರಿ ಸಾವ್ಕಾರ್ರ. ಮಂದಿ ಸಾಮಾನ ಕೆಡಸೂ ಕೆಲಸ ನಮಗ ಬ್ಯಾಡ. ನಡಿ ಮನಿಗೆ." ನೀನು ಹೊದಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡು ಹೋದೆ. ನಾನು ಬಾಗಿಲವರೆಗೂ ಬರಲಿಲ್ಲ, ಕಂಪ್ಯೂಟರಿನ ವೈರ್ ಜೋಡಿಸುತ್ತ ಕೂತೆ.

ಊರಲ್ಲೇ ನಿನ್ನ ಲಗ್ನವಾದದ್ದು ಕೇಳಿದ್ದೆ. ಉಳಿದದ್ದು ಮೊನ್ನೆ ನಿಮ್ಮ ಓಣಿಯ ಹೆಣ್ಣುಮಗಳಿಂದ ತಿಳಿಯಿತು. ನೀನು ಮತ್ತೆ ಟೈಪ್ ಮಾಡಲೇ ಇಲ್ಲವಂತೆ. ಮಗಳ ಮೊಬೈಲನ್ನೂ ಮುಟ್ಟದೆ, "ನನ್ನ ಕೈ ಇಂಥಾದಕ್ಕ ಆಗಿಬರೂದಿಲ್ಲ" ಎನ್ನುತ್ತೀಯಂತೆ. ಆ ಮಾತನ್ನು ನಿನ್ನ ಬಾಯಿಗೆ ಹಾಕಿದವಳು ನಾನು.

ಆಗಿನ ನನ್ನ ವಯಸ್ಸು, ಕಾಕಾನ ಬಾಯಿ, ನಮ್ಮಪ್ಪನ ಆಸೆ — ಯಾವುದನ್ನೂ ನೆಪವಾಗಿ ಅಡ್ಡ ಹಿಡಿಯುವುದಿಲ್ಲ. ನಿನ್ನೆ ಕಾಕಾನ ಮನೆಗೆ ಹೋಗಿ ಅಳುತ್ತ ಎಲ್ಲ ಹೇಳಿದೆ. "ನನ್ನ ಮುಂದ ಅತ್ತರ ಏನ ಬಂತವಾ? ಅವರಪ್ಪನ ಮುಂದ ಹೇಳ ಹೋಗು" ಅಂದ.

ರವಿವಾರ ಮುಶಿಗೇರಿಗೆ ಬರುತ್ತೇನೆ, ಮುಮ್ತಾಜ. ನಿನ್ನ ಅಪ್ಪ ಕೈಯಲ್ಲಿದ್ದ ಹೊಲಿಗೆ ಮುಗಿಸುವವರೆಗೆ ಕಟ್ಟೆಯ ಮೇಲೆ ಕೂತಿರುತ್ತೇನೆ. ಆಮೇಲೆ, ಗಿರಾಕಿಗಳಿದ್ದರೆ ಅವರಿಗೂ ಕೇಳುವಂತೆ ಹೇಳುತ್ತೇನೆ. ನೀನು ಹೊರಗೆ ಬರಲೇಬೇಕೆಂದಿಲ್ಲ.