ಬನ್ನಪ್ಪನ ಗುಳಿಗೆ

ಮೊಬೈಲು ಗೊತ್ತಿಲ್ಲದ ಆ ದಿನಗಳಲ್ಲಿ, ಸಂಜೆಯಾದರೆ ಮರ್ಫಿ ಟೌನಿನ ನಮ್ಮ ವಠಾರದಲ್ಲಿ ಲಗೋರಿಯದೇ ಗಲಾಟೆ. ನಾನು ಮಾತ್ರ ಮೆಟ್ಟಿಲ ಮೇಲೆ. ನನ್ನ ಲಿವರ್‌ನಲ್ಲಿ ಮೂಸಂಬಿಯಷ್ಟು ದೊಡ್ಡ ನೀರುಗುಳ್ಳೆ ಎದ್ದಿತ್ತು. ಒಡೆದರೆ ಜೀವಕ್ಕೇ ಅಪಾಯ, ಕೆಲವು ತಿಂಗಳು ಗುಳಿಗೆ ನುಂಗಲಿ, ಆಮೇಲೆ ಆಪರೇಷನ್ ಅಂದಿದ್ದರು ಡಾಕ್ಟರು.

ರಾಯಚೂರು ಕಡೆಯ ನನ್ನವ್ವ ಮನೆಮನೆಗೂ ಹೋಗಿ ಹೇಳಿ ಬಂದಳು. "ನಮ್ಮ ಹುಡುಗಿನ್ನ ಯಾರೂ ಮುಟ್ಟಬ್ಯಾಡ್ರಿ. ಹೊಟ್ಟಿಗೆ ಪೆಟ್ಟು ಬಿದ್ರ ಗುಳ್ಳಿ ಒಡಿತೈತಿ!"

ಆಮೇಲೆ ಕೇಳಬೇಕೇ? "ನೀನ್ ಬರ್ಬೇಡ ಕಣೇ, ನಿಮ್ಮಮ್ಮ ಬೈತಾರೆ" ಅಂತ ಜೀವದ ಗೆಳತಿ ಸೆಲ್ವಿಯೂ ದೂರ ಸರಿದಳು. ಕೂತಲ್ಲೇ ಅಳು ಬರುತ್ತಿತ್ತು.

ಅವ್ವನ ಮಾತಿಗೆ ಕ್ಯಾರೇ ಅನ್ನದವನು ಬನ್ನಪ್ಪ ಒಬ್ಬನೇ. ಟೀ ಅಂಗಡಿ ಮುಂದೆ ಬನ್ನಿಗಾಗಿ ಬಾಲ ಅಲ್ಲಾಡಿಸುತ್ತಿದ್ದ ಬೀದಿನಾಯಿಗೆ ಆ ಹೆಸರಿಟ್ಟವಳು ನಾನೇ. ಮಟನ್ ಅಂಗಡಿಯವರು ಎಸೆದದ್ದನ್ನು ತಿಂದು ಅದೇ ಬಾಯಲ್ಲಿ ನನ್ನ ಮುಖ ನೆಕ್ಕುತ್ತಿದ್ದ. ಥೂ, ಏನು ವಾಸನೆ! ಆದರೂ ಅವನು ತೊಡೆಯ ಮೇಲೆ ತಲೆಯಿಟ್ಟು ಮಲಗಿದರೆ ಲಗೋರಿಯ ಗಲಾಟೆ ಅಷ್ಟಾಗಿ ಕೇಳಿಸುತ್ತಿರಲಿಲ್ಲ.

ಮತ್ತೊಮ್ಮೆ ಆಸ್ಪತ್ರೆಗೆ ಹೋದಾಗ ದೊಡ್ಡ ಡಾಕ್ಟರು ಕೇಳಿದರು: "ಮನೇಲಿ ನಾಯಿ ಇದೆಯೇನಮ್ಮ?"

"ಬನ್ನಪ್ಪ ಅದಾನ್ರಿ" ಅವ್ವ ನಕ್ಕಳು. "ಇಕಿ ತಾಟಿನಾಗ ಉಣ್ತಾನ."

"ನಾಯಿ ಹೊಟ್ಟೆಹುಳದ ಮೊಟ್ಟೆಯಿಂದಾನೇ ಈ ಗುಳ್ಳೆ ಆಗೋದು. ಅಂಗಡಿಯವರು ಎಸೆಯೋ ಕೆಟ್ಟ ಲಿವರ್ ತಿಂದು ನಾಯಿಗೆ ಆ ಹುಳ ಬರುತ್ತೆ."

ಅವ್ವನ ನಗು ಅಲ್ಲೇ ನಿಂತಿತು.

ಮರುದಿನ ಗಾರೆ ಕೆಲಸದ ಅಪ್ಪ ಬನ್ನಪ್ಪನನ್ನು ಮರಳಿನ ಲಾರಿಗೆ ಹತ್ತಿಸಿಕೊಂಡು ಹೋಗಿ ಕೆ.ಆರ್. ಪುರದಲ್ಲಿ ಬಿಟ್ಟು ಬಂದ. "ಅಳಬ್ಯಾಡ ಮಗಳ. ಮಟನ್ ಅಂಗಡಿ ಮುಂದ ಬಿಟ್ಟೀನಿ, ಹೊಟ್ಟಿತುಂಬ ತಿಂತಾನ" ಅಂದ. ಆಸ್ಪತ್ರೆಗೆ ಬರದ ಅಪ್ಪನಿಗೆ ಪಾಪ, ಅಷ್ಟೇ ಗೊತ್ತು.

ಆಪರೇಷನ್ ಆಯಿತು, ಗುಳ್ಳೆ ಹೋಯಿತು. ಅಷ್ಟರಲ್ಲಿ ಸೆಲ್ವಿಯ ಮನೆಯವರು ಹಲಸೂರಿಗೆ ಹೋಗಿಬಿಟ್ಟಿದ್ದರು. ಉಳಿದವರು ಆಟಕ್ಕೆ ಕರೆದರೂ ನನಗೆ ಹೋಗುವ ಮನಸ್ಸಾಗಲಿಲ್ಲ. ಆ ಮೆಟ್ಟಿಲೇ ಅಭ್ಯಾಸವಾಗಿಹೋಗಿತ್ತು.

ಮೊನ್ನೆ ನನ್ನ ಮಗಳ ನಾಯಿಯನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬಾಳೆಹಣ್ಣಿನ ಚೂರಿನಲ್ಲಿ ಗುಳಿಗೆಯಿಟ್ಟು ಅದರ ಬಾಯಿಗೆ ಹಾಕಿದರು.

"ಹೊಟ್ಟೆಹುಳಕ್ಕೆ. ಆಗಾಗ ಕೊಡ್ತಾ ಇರಿ, ಹಸಿ ಮಾಂಸ ಹಾಕ್ಬೇಡಿ."

"ಅಷ್ಟೇನಾ ಡಾಕ್ಟ್ರೇ? ನಾಯೀನ ಬಿಟ್ಬಿಡ್ಬೇಕಾಗಿಲ್ವಾ?"

"ಯಾಕ್ರೀ ಬಿಡ್ಬೇಕು?" ಅವರು ನಕ್ಕರು.

ಆ ವರ್ಷ ಮನೆಯವರೆಲ್ಲ ಮುದ್ದು ಮಾಡಿ, ಗದರಿಸಿ ನನಗೆ ಗುಳಿಗೆ ನುಂಗಿಸಿದರು. ಅವನಿಗೂ ಒಂದು ಕೊಡಿ ಅಂತ ಯಾರೂ ಹೇಳಲಿಲ್ಲ. ಹೇಳಿದ್ದರೆ ಬನ್ನಿನೊಳಗಿಟ್ಟು ನಾನೇ ತಿನ್ನಿಸುತ್ತಿದ್ದೆ.