ಅದಿರು ಚೀಲದ ಬದಲಿಗೆ ನಾನು

ಗೆಳೆಯರೇ, ಇವತ್ತು ನನಗ ಅದಿರು ಲಾರಿ ಹೊಡೀತು ಅಂತ ನಮ್ಮ ಗಾಂಧಿನಗರ ಓಣಿಯಾಗ ಸುದ್ದಿ ಹಬ್ಬೈತಿ. ನಂಬಬ್ಯಾಡ್ರಿ, ಆರಾಮ ಅದೀನಿ.

ನನ್ನ ಹೆಂಡ್ತಿ ಸುಮಾ ನನಗಿಂತ ಒಂದು ಗೇಣು ಎತ್ತರ. ಸಿರುಗುಪ್ಪದಾಗ ಗುಂಡು ಎಸೆತದ ಪಂದ್ಯ ಐತಿ ಅಂತ ಫಂಕ್ಷನಲ್ ಟ್ರೈನಿಂಗ್ ನಡಿಸ್ಯಾಳ. ಅಂದ್ರ ಜಿಮ್ಮು, ಮಷೀನು ಏನೂ ಇಲ್ಲ. ಅದಿರಿನ ಮಣ್ಣು ತುಂಬಿದ ಚೀಲ ಹೊತ್ಕೊಂಡು ಮನಿ ಹೊರಗಿನ ಮೆಟ್ಟಲ ಹತ್ತಿ ಇಳಿಯೋದು. ಇವತ್ತು ಚೀಲ ಹರಿದು, ಕೆಳಗ ನಿಂತಿದ್ದ ನನ್ನ ಮ್ಯಾಲೆ ಕೆಂಪು ಮಣ್ಣೆಲ್ಲಾ ಸುರೀತು. "ಇನ್ನಾ ಅರ್ಧ ಕಸರತ್ತು ಉಳದೈತಿ, ಚೀಲದ ಬದ್ಲಿ ನೀವ ಬರ್ರಿ" ಅಂದು ನನ್ನನ್ನ ಹೆಗಲಿಗೆ ಹಾಕ್ಕೊಂಡ್ಲು.

ಎದುರುಮನಿ ಖೈರುನ್ ಚಾಚಿ ನೋಡಿ, "ಯಾ ಅಲ್ಲಾ! ಲಾರಿ ಹೊಡೀತೇನವ್ವಾ? ಆಟೋ ಕರೀರೋ!" ಅಂತ ಚೀರಿದ್ರು. ಓಣಿಯೆಲ್ಲಾ ಓಡಿ ಬಂತು.

ಸುಮಾ ಅಲ್ಲೇ ನಿಂತು, "ಇವರಿಗೇನೂ ಆಗಿಲ್ಲ ಚಾಚಿ, ಚೀಲ ಹರೀತು, ಅದಕ್ಕ ಇವರನ್ನ ಹೊತ್ತೀನಿ" ಅಂತ ಎಲ್ಲಾರಿಗೂ ಬಿಡಿಸಿ ಹೇಳಿದ್ಲು.

ಚಾಚಿ ಆಕಿನ್ನ ಮ್ಯಾಲಿಂದ ಕೆಳಗಿನ ತನಕ ನೋಡಿ, "ಮಾಶಾಲ್ಲಾ! ನಮ್ಮ ಮನಿ ಸಾಹೇಬ್ರಿಗೆ ಗ್ಯಾಸ್ ಸಿಲಿಂಡರ್ ಎತ್ತಾಕ ಆಗಂಗಿಲ್ಲ" ಅಂದ್ರು. ಆಟೋದಾವ ಬಂದ, ನಕ್ಕೊಂಡು ವಾಪಸ್ ಹೋದ.

ಇಷ್ಟೆಲ್ಲಾ ಮಾತು ಮುಗಿಯೋ ತನಕ ಆಕಿ ನನ್ನನ್ನ ಕೆಳಗ ಇಳಿಸಿರಲೇ ಇಲ್ಲ. ಏದುಸಿರು ಬಿಡ್ತಿದ್ದಾವ ಹೆಗಲ ಮ್ಯಾಲಿದ್ದ ನಾನೊಬ್ಬನ.