ಎಟಿಎಂ ಒಳಗೆ ಅಜ್ಜಿಯ ವೀಣೆ

ಹೋದ ವರ್ಷ ಏಪ್ರಿಲ್. ನನ್ನ ಬಿ.ಎ. ಕೊನೆಯ ಸೆಮಿಸ್ಟರ್. ಸಂಗೀತದ ವಿದ್ಯಾರ್ಥಿಗಳೆಲ್ಲ ಹೊರಗಿನಿಂದ ಬಂದ ಪರೀಕ್ಷಕರೆದುರು ಪೂರ್ತಿ ಕಚೇರಿ ಕೊಡಬೇಕು. ಅವತ್ತು ತಪ್ಪಿದರೆ ಮುಂದಿನ ವರ್ಷವೇ ಗತಿ. ನಾನು ನುಡಿಸುವುದು ನಮ್ಮಜ್ಜಿಯ ವೀಣೆ. "ಏನಾದ್ರೂ ಮಾಡು, ಬಿಸಿಲಿಗೆ ಮಾತ್ರ ಇಡಬೇಡ ಕಣೇ" ಎಂದು ಹೇಳಿಯೇ ಕೊಟ್ಟಿದ್ದರು. ವೀಣೆಯ ತಂತಿಗಳ ಕೆಳಗೆ ಸಾಲಾಗಿರುವ ಹಿತ್ತಾಳೆ ಮೆಟ್ಟಿಲುಗಳು ಕೂತಿರುವುದು ಕಪ್ಪು ಮೇಣದ ಮೇಲೆ. ಮೇಣ ಮೆತ್ತಗಾದರೆ ಮೆಟ್ಟಿಲು ಜರುಗುತ್ತದೆ. ಮೆಟ್ಟಿಲು ಜರುಗಿತೋ, ಸ್ವರ ಕೆಟ್ಟಿತು.

ಕಚೇರಿ ಸಂಜೆ ನಾಲ್ಕಕ್ಕೆ, ಕೆಂಗೇರಿ ಕಡೆಯ ನಮ್ಮ ಕಾಲೇಜಿನಲ್ಲಿ. ಊಟ ಮುಗಿಸಿ ಗೋವಿಂದರಾಜನಗರದ ಮನೆಯಿಂದ ಶ್ರೀಧರ ಮಾವನ ಕಾರಿನಲ್ಲಿ ಹೊರಟೆವು. ದಾರಿಯಲ್ಲಿ ಅತ್ತಿಗುಪ್ಪೆಯ ಟೈಲರ್ ಹತ್ತಿರ ನನ್ನ ಬ್ಲೌಸ್ ತೆಗೆದುಕೊಳ್ಳುವುದಿತ್ತು.

"ಐದೇ ನಿಮಿಷ. ವೀಣೆ ಕಾರಲ್ಲೇ ಇರ್ಲಿ ಬಿಡೇ, ಲಾಕ್ ಮಾಡಿದೀನಿ" ಎಂದರು ಮಾವ. ಕಾರು ಮರದ ನೆರಳಿನಲ್ಲಿತ್ತು, ನಾನೂ ಒಪ್ಪಿದೆ. ಟೈಲರ್ ನಮ್ಮನ್ನು ಕಂಡವನೇ "ಹೆಮ್ಮಿಂಗ್ ಒಂದೇ ಬಾಕಿ ಮೇಡಂ, ಕೂತ್ಕೊಳಿ" ಎಂದ. ಆ ಹೆಮ್ಮಿಂಗು ಮುಗಿಯುವಷ್ಟರಲ್ಲಿ ನೆರಳು ಪಕ್ಕದ ಸ್ಕೂಟರಿನ ಮೇಲೆ ಹೋಗಿ ಕೂತಿತ್ತು.

ಕಾರಿನ ಬಾಗಿಲು ತೆರೆದರೆ ಒಲೆಗೆ ಮುಖ ಕೊಟ್ಟ ಹಾಗಾಯಿತು. ವೀಣೆಯ ಹೊದಿಕೆ ಸರಿಸಿದೆ. ಮೇಲಿನ ಸ್ಥಾಯಿಯ ಮೂರ್ನಾಲ್ಕು ಮೆಟ್ಟಿಲು ಓರೆಯಾಗಿದ್ದವು. ಬೆರಳಿಟ್ಟರೆ ಬೆಣ್ಣೆಯ ಮೇಲಿದ್ದ ಹಾಗೆ ಜಾರುತ್ತಿದ್ದವು. ಅಳು ಕೂಡ ಬರಲಿಲ್ಲ ನನಗೆ.

ಕಾಲೇಜಿನ ವೀಣೆ ಟೀಚರ್‌ಗೆ ಫೋನ್ ಮಾಡಿದೆ. "ನಮ್ಮ ಕಾಲೇಜ್ ಹಾಲಲ್ಲಿ ಬರೀ ಫ್ಯಾನು. ಎಲ್ಲಾದ್ರೂ ಎ.ಸಿ. ಇರೋ ಕಡೆ ಹೋಗು. ಮೆಟ್ಟಿಲು ಕೂರಿಸ್ಕೊಂಡು, ಮೇಣ ಗಟ್ಟಿಯಾಗೋವರೆಗೂ ಅಲ್ಲಾಡಿಸ್ಬೇಡ" ಎಂದರು. ಮಾವನ ಕಾರಿನ ಎ.ಸಿ. ಕೆಟ್ಟು ಯಾವ ಕಾಲವಾಗಿತ್ತೋ! ಸುತ್ತ ನೋಡಿದೆ. ಟೈಲರ್ ಅಂಗಡಿಯ ಪಕ್ಕದಲ್ಲೇ ಒಂದು ಎಟಿಎಂ.

ವೀಣೆ ಎತ್ತಿಕೊಂಡು ಒಳಗೆ ನುಗ್ಗಿದರೆ ಸೆಕ್ಯುರಿಟಿಯವರು ಅಡ್ಡ ಬಂದರು. ಬಾಗಲಕೋಟೆ ಕಡೆಯ ಮಾತು.

"ಯವ್ವಾ, ಏನದು? ಇಂಥಾವೆಲ್ಲಾ ಒಳಗ ತರೂಹಂಗಿಲ್ಲ. ಕ್ಯಾಮೆರಾದಾಗ ಸಾಹೇಬ್ರು ನೋಡಿದ್ರ ನನ್ನ ಕೆಲ್ಸ ಹೋಗ್ತೈತಿ."

"ಸ್ವಲ್ಪ ಅಡ್ಜಸ್ಟ್ ಮಾಡಿ ಅಣ್ಣ. ಹುಡುಗಿಗೆ ಇವತ್ತೇ ಪರೀಕ್ಷೆ" ಎಂದು ಮಾವ ಕೈಮುಗಿದರು.

"ಪರೀಕ್ಷಾ? ಇದರಾಗ?" ಅವರು ವೀಣೆಯನ್ನು ನೋಡಿದರು, ನನ್ನ ಮುಖವನ್ನು ನೋಡಿದರು, ಮೂಲೆಯ ಕ್ಯಾಮೆರಾ ಕಡೆಗೂ ಒಂದು ಸಲ ನೋಡಿದರು. ಆಮೇಲೆ ಜೇಬಿನಿಂದ ಎ.ಸಿ. ರಿಮೋಟ್ ತೆಗೆದು ಪಟಪಟ ಒತ್ತಿದರು. "ಹದಿನಾರಕ್ಕ ಇಟ್ಟೀನಿ. ಲಗೂನ ಮಾಡ್ಕೊ."

ನೆಲದ ಮೇಲೆ ಕೂತು, ಫೋನಿನಲ್ಲಿ ತಂಬೂರಿ ಹಾಕಿಕೊಂಡೆ. ಹೆಬ್ಬೆರಳಿನಿಂದ ಮೆಟ್ಟಿಲು ಒತ್ತುವುದು, ತಂತಿ ಮೀಟಿ ಕೇಳುವುದು, ಮತ್ತೆ ಒತ್ತುವುದು. ಟೀಚರ್ ಮಾಡುವುದನ್ನು ನೋಡಿದ್ದೆನೇ ಹೊರತು ಕೈಯಾರೆ ಮಾಡಿದವಳಲ್ಲ. ಷಡ್ಜ ಕೂತಿತು ಅನ್ನುವಷ್ಟರಲ್ಲಿ ರಿಷಭ ಜಾರುತ್ತಿತ್ತು. ಹೊರಗೆ ಜನ ಸೇರತೊಡಗಿದರು.

"ಏನ್ ಗುರು, ಒಳಗೆ ಆರ್ಕೆಸ್ಟ್ರಾನಾ? ದುಡ್ಡು ತೆಗೀಬೇಕು ಕಣಣ್ಣ" ಎಂದು ಒಬ್ಬ ಡೆಲಿವರಿ ಹುಡುಗ ಕೂಗಿದ.

ಸೆಕ್ಯುರಿಟಿಯವರು ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. "ಮಷೀನ್ ತಂಪ್ ಆಗಾಕತ್ತೈತಿ. ತಡೀರಿ ಎಲ್ಲಾರೂ!"

ಯಾವ ಮಷೀನ್ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಮೆಟ್ಟಿಲುಗಳು ಅಂತೂ ನೇರವಾದವು. ಇನ್ನು ಕೈ ಕಟ್ಟಿಕೊಂಡು ಕಾಯುವುದೊಂದೇ ಕೆಲಸ. ಆ ಚಳಿಯಲ್ಲೂ ನನ್ನ ಬೆನ್ನು ಬೆವರುತ್ತಿತ್ತು. ಕೊನೆಗೆ ಮೆಲ್ಲಗೆ ಕಲ್ಯಾಣಿಯ ಒಂದು ಆರೋಹಣ ನುಡಿಸಿ ನೋಡಿದೆ. ಹೊರಗಿನ ಗೊಣಗಾಟ ನಿಂತುಹೋಯಿತು.

ಅಲ್ಲಿಂದ ಮಾವ ಕಿಟಕಿಗಳನ್ನೆಲ್ಲ ತೆರೆದು, ತುಂಬು ಬಸುರಿಯನ್ನು ಕರೆದೊಯ್ಯುವವರ ಹಾಗೆ ಕಾರು ಓಡಿಸಿದರು. ರಸ್ತೆಯ ಒಂದೊಂದು ಹಂಪ್‌ಗೂ ನನ್ನ ಜೀವ ಬಾಯಿಗೆ ಬರುತ್ತಿತ್ತು.

ವೇದಿಕೆಯ ಮೇಲೆ ಬೆರಳು ಮೇಲಿನ ಸ್ಥಾಯಿಗೆ ಏರಿದಾಗಲೆಲ್ಲ ಉಸಿರು ಹಿಡಿದೆ. ಮೆಟ್ಟಿಲುಗಳು ಅಲುಗಲಿಲ್ಲ. ಆದರೆ ನಾನು ಕೂರಿಸಿದ್ದ ಗಾಂಧಾರವೇ ಕೂದಲೆಳೆಯಷ್ಟು ಇಳಿದಿತ್ತು. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರ ಏರಿಸಿಕೊಂಡೆ, ಪ್ರತಿ ಸಲವೂ. ಕಚೇರಿ ಮುಗಿದ ಮೇಲೆ ಹಿರಿಯ ಪರೀಕ್ಷಕರು, "ಆ ಗಾಂಧಾರದ ಎಳೆತ ಬಹಳ ಚೆನ್ನಾಗಿತ್ತಮ್ಮ. ಯಾರು ಹೇಳಿಕೊಟ್ರು?" ಎಂದು ಕೇಳಿದರು. ಟೀಚರ್ ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

ಪಾಸಾದ ದಿನ ಮೈಸೂರುಪಾಕು ಹಿಡಿದು ಆ ಎಟಿಎಂಗೆ ಹೋದೆ. ಅವರೇ ಇದ್ದರು, ಕೆಲಸಕ್ಕೇನೂ ಕುತ್ತು ಬಂದಿರಲಿಲ್ಲ. "ನೀವು ಕಚೇರಿಗೆ ಬರ್ಬೇಕಿತ್ತು, ಎಲ್ಲರೂ ಚಪ್ಪಾಳೆ ಹೊಡೆದ್ರು" ಎಂದೆ. ಅವರು ಡಬ್ಬಿ ತೆರೆದು ಒಂದು ತುಂಡು ಬಾಯಿಗೆ ಹಾಕಿಕೊಂಡು ನಕ್ಕರು.

"ಅವ್ರೆಲ್ಲಾ ಕೇಳಿದ್ದು ಹಿಂದಾಗಡೆ ಬಿಡವ್ವಾ. ಮೊದ್ಲ ಕೇಳ್ದಾಂವ ನಾ."

ಈಗಲೂ ಶ್ರುತಿ ಮಾಡಿಕೊಳ್ಳಲು ಕೂತಾಗಲೆಲ್ಲ, ಗಾಜಿನ ಬಾಗಿಲಿಗೆ ಒರಗಿದ್ದ ಆ ನೀಲಿ ಶರ್ಟಿನ ಬೆನ್ನು ಕಣ್ಣೆದುರಿಗೆ ಬರುತ್ತದೆ. ಮೊದಲ ಸ್ವರ ಮೀಟುವುದು ಆ ಬೆನ್ನಿಗೇ.